ಸೆಕೆಂಡ್ ಹ್ಯಾಂಡ್ ಥಾರ್‌ನಲ್ಲಿ ಡಿಫ್ ಲಾಕ್ ಇದೆಯಾ ಅಂತ ತಿಳಿಯೋದು ಹೇಗೆ?

ಹೊಸನಗರದ ತೋಟದವ:
ನಮಸ್ಕಾರ. ಶಿವಮೊಗ್ಗದಲ್ಲಿ ಮಹೀಂದ್ರಾದ ಒಂದು ಥಾರ್ ಜೀಪು, ಸಿಆರ್‌ಡಿಇ ಡೀಸೆಲ್ ಮಾಡೆಲ್, ನೋಡಿ ಬಂದೆ, 2015ರ ಗಾಡಿ, ರೇಟು ಪರವಾಗಿಲ್ಲ. ನಮ್ಮ ಮನೆಯಿಂದ ತೋಟಕ್ಕೆ ಇಳಿಯುವ ದಾರಿ ಮಳೆಗಾಲದಲ್ಲಿ ಬರೀ ಕೆಸರು. ಬೋರ್ಡೋ ಔಷಧಿ ಹೊಡೆಯುವ ಹೊತ್ತಿಗೆ ಡ್ರಮ್ಮು, ಮೈಲುತುತ್ತ, ಸುಣ್ಣ ಎಲ್ಲ ಅದೇ ದಾರಿಯಲ್ಲಿ ಹೋಗಬೇಕು, ಹಾಗಾಗಿ ಡಿಫ್ ಲಾಕ್ (ಡಿಫರೆನ್ಷಿಯಲ್ ಲಾಕ್, ಒಂದು ಚಕ್ರ ಜಾರಿದಾಗ ಅದೇ ಆಕ್ಸಲ್‌ನ ಎರಡೂ ಚಕ್ರವನ್ನು ಒಟ್ಟಿಗೆ ತಿರುಗಿಸೋದು) ಇರುವ ಗಾಡಿಯೇ ಬೇಕು. ಮಾರುವವರು ಇದೆ ಅಂತಾರೆ, ಎಲ್ಲಿ ಅಂದರೆ ಫೋರ್ ವೀಲ್ ಲಿವರ್ ತೋರಿಸ್ತಾರೆ. ಒಳಗೆ ಬೇರೆ ಬಟನ್ ಕಾಣಲಿಲ್ಲ. ನಂಬಬಹುದಾ?

ಸಾಗರ ಜೀಪು:
ಲಿವರ್ ಬೇರೆ, ಡಿಫ್ ಲಾಕ್ ಬೇರೆ ಮಾರಾಯ್ರೆ. ಲಿವರ್ ಹಾಕಿದರೆ ಮುಂದಿನ ಆಕ್ಸಲ್‌ಗೂ ಹಿಂದಿನ ಆಕ್ಸಲ್‌ಗೂ ಒಟ್ಟಿಗೆ ಪವರ್ ಹೋಗುತ್ತದೆ, ಅಷ್ಟೇ. ಒಂದೇ ಆಕ್ಸಲ್‌ನ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗೋಕೆ ಬಿಡೋದು ಡಿಫ್, ಅದಕ್ಕೆ ಲಾಕ್ ಇಲ್ಲದಿದ್ದರೆ ಮುಂದೆ ಒಂದು, ಹಿಂದೆ ಒಂದು ಚಕ್ರ ಸುಮ್ನೆ ತಿರುಗಿಕೊಂಡು ಗಾಡಿ ನಿಂತಲ್ಲೇ ಹೂತು ಹೋಗುತ್ತದೆ. ಇನ್ನೊಂದು ವಿಷಯ, ಹಳೆ ಜಿಪ್ಸಿಗಳ ಮುಂದಿನ ಹಬ್ ಮೇಲೆ ‘ಲಾಕ್’, ‘ಫ್ರೀ’ ಅಂತ ಬರೆದಿರುತ್ತದಲ್ಲ, ಅದೂ ಡಿಫ್ ಲಾಕ್ ಅಲ್ಲ. ಅದು ಚಕ್ರವನ್ನು ಆಕ್ಸಲ್ ಶಾಫ್ಟಿಗೆ ಸೇರಿಸೋಕೆ ಇರೋದು.

ಮಲೆನಾಡ್ ಡೀಸೆಲ್:
ಬಟನ್ ಇಲ್ಲ ಅಂತ ಗಾಡಿ ಬಿಡಬೇಡಿ. ಫೋರ್ಸ್ ಕಂಪನಿಯ ಗೂರ್ಖಾ ಗಾಡಿಯಲ್ಲಾದರೆ ಲಾಕನ್ನು ನಾವೇ ಕೈಯಿಂದ ಹಾಕಬೇಕು. ಥಾರ್ ಹಾಗಲ್ಲ. 2015ರ ಜುಲೈನಲ್ಲಿ ಬಂದ ಹೊಸ ರೂಪದ ಸಿಆರ್‌ಡಿಇಗೆ ಹಿಂದಿನ ಆಕ್ಸಲ್‌ನಲ್ಲಿ ಈಟನ್ ಕಂಪನಿಯ ಮೆಕ್ಯಾನಿಕಲ್ ಲಾಕ್ ಕೊಟ್ಟರು. ಅದು ತಾನೇ ಬೀಳುತ್ತದೆ. ಎರಡು ಚಕ್ರದ ವೇಗದಲ್ಲಿ ಸುಮಾರು 100 ಆರ್‌ಪಿಎಂ (ನಿಮಿಷಕ್ಕೆ 100 ಸುತ್ತು) ವ್ಯತ್ಯಾಸ ಬಂದರೆ ಹಿಡಿದುಕೊಳ್ಳುತ್ತದೆ, ಗಾಡಿ ಸುಮಾರು 30 ಕಿ.ಮೀ. ವೇಗ ದಾಟಿದರೆ ಹಿಡಿಯೋದಿಲ್ಲ. ನಿಮ್ಮದು 2015ರದ್ದು ಅಂತೀರಿ, ಅಲ್ಲೇ ಇರೋದು ಪ್ರಶ್ನೆ. ಆರ್‌ಸಿಯಲ್ಲಿ ತಯಾರಾದ ತಿಂಗಳು ನೋಡಿ, ರಿಜಿಸ್ಟರ್ ಆದ ತಿಂಗಳಲ್ಲ. ಚಾಸಿ ನಂಬರ್ ಹಿಡಿದು ಕಂಪನಿ ಸರ್ವಿಸ್‌ನಲ್ಲೂ ಕೇಳಿ.

ಹೊಸನಗರದ ತೋಟದವ:
ಥ್ಯಾಂಕ್ಸ್ ಅಣ್ಣ. ಜಾಕ್ ಹಾಕಿ ಒಂದು ಚಕ್ರ ತಿರುಗಿಸಿ, ಇನ್ನೊಂದು ಉಲ್ಟಾ ತಿರುಗಿದರೆ ಲಾಕ್ ಇಲ್ಲ ಅಂತ ಇಲ್ಲಿನ ಮೆಕ್ಯಾನಿಕ್ ಹೇಳಿದರು. ಅದು ಸಾಕಾ?

ಮಲೆನಾಡ್ ಡೀಸೆಲ್:
ಈ ಲಾಕಿಗೆ ಸಾಕಾಗಲ್ಲ. ಕೈಯಲ್ಲಿ ನಿಧಾನಕ್ಕೆ ತಿರುಗಿಸಿದರೆ ಇದೂ ಮಾಮೂಲಿ ಡಿಫ್ ಥರಾನೇ ಉಲ್ಟಾ ತಿರುಗುತ್ತದೆ. ಅಷ್ಟು ನೋಡಿ ‘ಇಲ್ಲ’ ಅಂದರೆ ತಪ್ಪಾಗುತ್ತದೆ. ಹಾಗಂತ ಜಾಕ್ ಮೇಲೆ ಎಂಜಿನ್ ಸ್ಟಾರ್ಟ್ ಮಾಡಿ ಚಕ್ರ ತಿರುಗಿಸೋಕೆ ಮಾತ್ರ ಹೋಗಬೇಡಿ. ಒಂದೇ ಚಕ್ರ ಎತ್ತಿದ್ದಾಗ ಲಾಕ್ ಬಿದ್ದರೆ ನೆಲದಲ್ಲಿರುವ ಚಕ್ರಕ್ಕೆ ಪವರ್ ಬಂದು ಗಾಡಿ ಜಾಕಿನಿಂದ ಹಾರುತ್ತದೆ, ಯಾರಾದರೂ ಅಡಿಗೆ ಸಿಕ್ಕರೆ ಮುಗೀತು.

ಸರಿಯಾದ ದಾರಿ ಅಂದರೆ ಒಂದು ಹಿಂದಿನ ಚಕ್ರ ಕೆಸರಲ್ಲಿ, ಇನ್ನೊಂದು ಗಟ್ಟಿ ನೆಲದಲ್ಲಿ ಇರುವ ಹಾಗೆ ನಿಲ್ಲಿಸಿ. ಟೂ ವೀಲ್‌ನಲ್ಲೇ ಇರಲಿ, ಫೋರ್ ವೀಲ್ ಹಾಕಿದರೆ ಮುಂದಿನ ಚಕ್ರ ಎಳೆದು ಏನೂ ಗೊತ್ತಾಗಲ್ಲ. ಫಸ್ಟ್ ಗೇರಿನಲ್ಲಿ ನಿಧಾನಕ್ಕೆ ಆಕ್ಸಿಲರೇಟರ್ ಕೊಡ್ತಾ ಬನ್ನಿ. ಕೆಸರಿನ ಚಕ್ರ ಸ್ವಲ್ಪ ತಿರುಗಿ, ಹಿಂದಿನಿಂದ ‘ಟಕ್’ ಅಂತ ಶಬ್ದ ಬಂದು, ಗಾಡಿ ಒಮ್ಮೆಲೇ ಎದ್ದು ಹೊರಟರೆ ಲಾಕ್ ಇದೆ, ಕೆಲಸವನ್ನೂ ಮಾಡುತ್ತಿದೆ. ಶಬ್ದ ಕೇಳಿ ಗಾಬರಿ ಬೇಡ. ಚಕ್ರ ತಿರುಗ್ತಾನೇ ಇದ್ದರೆ ಇಲ್ಲ, ಅಥವಾ ಹಾಳಾಗಿದೆ.

ಸಾಗರ ಜೀಪು:
ಈ ಟೆಸ್ಟ್ ಮಾಡಿಯೇ ತಗೊಳ್ಳಿ, ಆರ್‌ಸಿ ಒಂದನ್ನೇ ನಂಬಬೇಡಿ. ಆಕ್ಸಲ್‌ನ ಹೌಸಿಂಗ್ (ಡಿಫ್ ಒಳಗೆ ಕೂರುವ ಕಬ್ಬಿಣದ ಕವಚ) ಒಡೆದಾಗ ಹಳೆ ಗಾಡಿಯ ಆಕ್ಸಲ್ ತಂದು ಕೂರಿಸಿರಬಹುದು ಅಲ್ವಾ. ಹಾಗೇ ಹಿಂದಿನ ಹೌಸಿಂಗಿನ ಆಯಿಲ್ ಪ್ಲಗ್ ಬಿಚ್ಚಿಸಿ, ಬೆರಳು ಅದ್ದಿ ನೋಡಿ. ಹಾಲಿನ ಬಣ್ಣ ಇದ್ದರೆ ನೀರು ಹೋಗಿದೆ, ನಮ್ಮ ಕಡೆ ಹಳ್ಳ ದಾಟಿಸಿದ ಗಾಡಿಗಳಲ್ಲಿ ಇದು ಜಾಸ್ತಿ. ಕಬ್ಬಿಣದ ಚೂರು ಕೈಗೆ ತಾಗಿದರೆ ರೇಟು ಎಷ್ಟೇ ಇಳಿಸಿದರೂ ಬೇಡ.