ಅಪ್‌ಡೇಟ್: ಸಿವಿ ಹಾಕಿದರೆ ಫಾರ್ಮ್ ಕಲಸುಮೇಲೋಗರ ಆಗ್ತಿದ್ದದ್ದು ಸರಿಹೋಯ್ತು
ಹೋದ ವಾರ ಕೇಳಿದ್ದೆನಲ್ಲ, ಕೆಲಸದ ಅರ್ಜಿಯ ಆನ್‌ಲೈನ್ ಫಾರ್ಮ್‌ಗೆ ಪಿಡಿಎಫ್ ಸಿವಿ ಅಪ್‌ಲೋಡ್ ಮಾಡಿದರೆ ಕಂಪನಿ ಹೆಸರಿನ ಜಾಗದಲ್ಲಿ ನನ್ನ ಸ್ಕಿಲ್‌ಗಳಾದ ‘ಟ್ಯಾಲಿ, ಎಕ್ಸೆಲ್’ ಬಂದು ಕೂರುತ್ತೆ ಅಂತ? ವರ್ಡ್ ಫೈಲ್ ಹಾಕಿ ನೋಡಿ ಅಂದಿದ್ರಿ, ಅದೇ ಕಥೆ. ಫಾಂಟ್ ಬದಲಿಸಿದ್ದೂ ದಂಡ.

ಸಿವಿ ಓದಿ ಫಾರ್ಮ್ ತುಂಬುವ ಸಾಫ್ಟ್‌ವೇರಿಗೆ ಅದು ಹೇಗೆ ಕಾಣಬಹುದು ಅಂತ ನೋಡೋಕೆ ಕೈಹಿಡಿದದ್ದು ನೋಟ್‌ಪ್ಯಾಡ್ ಉಪಾಯ: ಪಿಡಿಎಫ್‌ನಲ್ಲಿ ಕಂಟ್ರೋಲ್-ಎ, ಕಂಟ್ರೋಲ್-ಸಿ, ನೋಟ್‌ಪ್ಯಾಡಿಗೆ ಪೇಸ್ಟ್. ಎರಡು ಕಾಲಂ ಟೆಂಪ್ಲೇಟಿನ ಎಡ-ಬಲದ ಸಾಲುಗಳು ಜಡೆ ಹೆಣೆದ ಹಾಗೆ ಬಂದವು! ಒಂದೇ ಕಾಲಂ ಮಾಡಿ, ಹುದ್ದೆ, ಕಂಪನಿ, ತಿಂಗಳು-ವರ್ಷ ಒಂದರ ಕೆಳಗೊಂದು ಬರೆದ ಮೇಲೆ ಫಾರ್ಮ್ ಸರಿಯಾಗಿ ತುಂಬಿತು.

ಗೊತ್ತೇ ಇರದಿದ್ದದ್ದು: ಪೇಜಿನ ಹೆಡರ್‌ನಲ್ಲಿಟ್ಟ ಫೋನ್ ನಂಬರನ್ನು ಇಂಥ ಕೆಲವು ಸಾಫ್ಟ್‌ವೇರ್ ಓದುವುದೇ ಇಲ್ಲ. ಸ್ಕಿಲ್ ಎಷ್ಟಿದೆ ಅಂತ ತೋರಿಸೋಕೆ ಅದರ ಮುಂದೆ ಐದು ಚುಕ್ಕಿ ಹಾಕೋದೂ ವ್ಯರ್ಥ. ಹಳೇ ನುಡಿ (ಯೂನಿಕೋಡ್ ಅಲ್ಲದ) ಫಾಂಟಿನ ಕನ್ನಡ ಸಾಲಂತೂ ಇಂಗ್ಲಿಷ್ ಅಕ್ಷರಗಳ ಚಿಂದಿಯಾಗಿತ್ತು. ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡಿದೆ.