ಕೈಬಿಟ್ಟ ಕಲ್ಲು ಬೀಳಲು ಆರಂಭಿಸುವುದೇಕೆ?

ಪಿಯು ವಿದ್ಯಾರ್ಥಿನಿ, ಯಾದಗಿರಿ:
ಗುರುತ್ವವು ಬಲವಲ್ಲ, ದೇಶಕಾಲದ (ಸ್ಥಳ ಮತ್ತು ಕಾಲ ಒಂದಾಗಿ ಹೆಣೆದುಕೊಂಡ ಹಂದರದ) ಬಾಗುವಿಕೆ ಎಂದು ಓದಿದ್ದೇನೆ. ಚಲಿಸುವ ವಸ್ತುವಿನ ಹಾದಿ ಬಾಗುವುದು ಅರ್ಥವಾಗುತ್ತದೆ. ಆದರೆ ನಮ್ಮ ಕೋಟೆಯ ಮೇಲಿಂದ ಕೈಬಿಟ್ಟ ಕಲ್ಲಿಗೆ ಆರಂಭದಲ್ಲಿ ಚಲನೆಯೇ ಇರುವುದಿಲ್ಲವಲ್ಲ, ಅದು ಕೆಳಗೇ ಏಕೆ ಹೊರಡಬೇಕು?

ಭೌತಶಾಸ್ತ್ರ ಉಪನ್ಯಾಸಕ, ಕಲಬುರಗಿ:
ಕಲ್ಲು ಸ್ಥಳದಲ್ಲಿ ನಿಂತಿದ್ದರೂ ಕಾಲದಲ್ಲಿ ನಿಂತಿರುವುದಿಲ್ಲ. ಭೂಮಿಗೆ ಹತ್ತಿರವಾದಷ್ಟೂ ಕಾಲವು ನಿಧಾನವಾಗಿ ಸಾಗುವುದರಿಂದ, ದೇಶಕಾಲದಲ್ಲಿ ಕಲ್ಲು ಹಿಡಿಯುವ ಅತ್ಯಂತ ನೇರವಾದ ಹಾದಿಯೇ ನಮಗೆ ಕೆಳಮುಖ ವೇಗೋತ್ಕರ್ಷವಾಗಿ ಕಾಣುತ್ತದೆ. ನಿಜವಾಗಿ ಬಲವನ್ನು ಅನುಭವಿಸುವವರು ನೆಲದ ಮೇಲೆ ನಿಂತ ನಾವು. ನೆಲವು ನಮ್ಮನ್ನು ಆ ಹಾದಿಯಿಂದ ಮೇಲಕ್ಕೆ ತಳ್ಳುತ್ತಲೇ ಇರುತ್ತದೆ. ಪುಸ್ತಕಗಳಲ್ಲಿ ಬರುವ, ಭಾರದ ಗುಂಡಿನಿಂದ ತಗ್ಗಾದ ರಬ್ಬರ್ ಹಾಳೆಯ ಚಿತ್ರವು ಕಾಲವನ್ನೇ ಕೈಬಿಡುವುದರಿಂದ, ಈ ಗೊಂದಲಕ್ಕೆ ಅದೇ ಮೂಲವೆಂದು ನನ್ನ ಅಭಿಪ್ರಾಯ.

ಓದುಗ, ಬೀದರ್:
ಹಾಗಾದರೆ ಎತ್ತರದಲ್ಲಿರುವ ಬೀದರಿನ ಗಡಿಯಾರವು ಕಲಬುರಗಿಯದಕ್ಕಿಂತ ಮುಂದೆ ಓಡಬೇಕಲ್ಲವೇ ಸರ್?

ಉಪನ್ಯಾಸಕ:
ಹೌದು. ಪ್ರತಿ 100 ಮೀಟರ್ ಏರಿಕೆಗೆ ದಿನಕ್ಕೆ ಸುಮಾರು 1 ನ್ಯಾನೊಸೆಕೆಂಡ್ (ಸೆಕೆಂಡಿನ ನೂರು ಕೋಟಿಯಲ್ಲಿ ಒಂದು ಭಾಗ). ಕೈಗಡಿಯಾರಕ್ಕೆ ಎಟುಕದು, ಪರಮಾಣು ಗಡಿಯಾರಕ್ಕೆ ಎಟುಕುತ್ತದೆ. ಜಿಪಿಎಸ್ ಉಪಗ್ರಹಗಳ ಗಡಿಯಾರಗಳು ಎತ್ತರದ ಕಾರಣಕ್ಕೆ ದಿನಕ್ಕೆ ಸುಮಾರು 45 ಮೈಕ್ರೊಸೆಕೆಂಡ್ (ಸೆಕೆಂಡಿನ ಹತ್ತು ಲಕ್ಷದಲ್ಲಿ ಒಂದು ಭಾಗವೇ ಮೈಕ್ರೊಸೆಕೆಂಡ್) ಮುಂದೋಡಿ, ವೇಗದ ಕಾರಣಕ್ಕೆ ಸುಮಾರು 7 ಹಿಂದುಳಿಯುತ್ತವೆ. ಉಳಿಯುವ 38ನ್ನು ಸರಿಪಡಿಸದಿದ್ದರೆ ಒಂದೇ ದಿನದಲ್ಲಿ ಕಿಲೋಮೀಟರುಗಟ್ಟಲೆ ತಪ್ಪು ಸೇರುತ್ತದೆ.

ನಿವೃತ್ತ ಶಿಕ್ಷಕ, ಕಲಬುರಗಿ:
ಒಂದು ಸೇರ್ಪಡೆ. ಕಲ್ಲಿನಂಥ ನಿಧಾನದ ವಸ್ತುಗಳಿಗೆ ಕಾಲದ ಬಾಗುವಿಕೆಯೇ ಮುಖ್ಯವಾದರೂ ಬೆಳಕಿಗೆ ಸ್ಥಳದ ಬಾಗುವಿಕೆಯೂ ಅಷ್ಟೇ ಮುಖ್ಯ. ಸೂರ್ಯನ ಅಂಚನ್ನು ಸವರಿ ಬರುವ ನಕ್ಷತ್ರದ ಬೆಳಕು 1.75 ಆರ್ಕ್‌ಸೆಕೆಂಡ್ (ಒಂದು ಡಿಗ್ರಿಯ 3600ನೇ ಒಂದು ಭಾಗವೇ ಆರ್ಕ್‌ಸೆಕೆಂಡ್) ಬಾಗಬೇಕೆಂಬ ಐನ್‌ಸ್ಟೈನರ ಲೆಕ್ಕದಲ್ಲಿ ಅರ್ಧ ಪಾಲು ಸ್ಥಳದ್ದು. 1919ರ ಸೂರ್ಯಗ್ರಹಣದ ಅಳತೆಗಳು ಅರ್ಧವನ್ನಲ್ಲ, ಪೂರ್ಣ ಮೌಲ್ಯವನ್ನೇ ಬೆಂಬಲಿಸಿದವು.