ಕಟ್ಟುನಿಟ್ಟಿನ ಮನೆಯಲ್ಲಿ ಬೆಳೆಯುವ ಹುಡುಗಿಗೆ ಯಾವ ಕಾದಂಬರಿ ಕೊಡಲಿ?

ಕನ್ನಡಟೀಚರ್ (ತೀರ್ಥಹಳ್ಳಿ ತಾಲ್ಲೂಕು)

ಎಲ್ಲರಿಗೂ ನಮಸ್ಕಾರ. ನಾನು ಹೈಸ್ಕೂಲಿನಲ್ಲಿ ಕನ್ನಡ ಪಾಠ ಮಾಡುತ್ತೇನೆ. ಸ್ಟಾಫ್ ರೂಮಿನ ಮೂಲೆಯಲ್ಲಿರುವ ಒಂದು ಬೀರುವೇ ನಮ್ಮ ಲೈಬ್ರರಿ. ಹತ್ತನೇ ಕ್ಲಾಸಿನ ಒಬ್ಬ ಹುಡುಗಿ ಅದರಲ್ಲಿದ್ದ ಕಥೆ ಕಾದಂಬರಿಗಳನ್ನೆಲ್ಲ ಓದಿ ಮುಗಿಸಿದ್ದಾಳೆ.

ಅವಳ ಮನೆ ತುಂಬಾ ಸಂಪ್ರದಾಯದ್ದು. ಟೀವಿ ಇಲ್ಲ. ಸಂಜೆ ದೀಪ ಹಚ್ಚಿದ ಮೇಲೆ ಪಾಠದ ಪುಸ್ತಕ, ಸ್ತೋತ್ರದ ಪುಸ್ತಕ ಬಿಟ್ಟು ಬೇರೆ ಏನನ್ನೂ ತೆಗೆಯುವ ಹಾಗಿಲ್ಲ. ಮುಟ್ಟಾದಾಗ ಈಗಲೂ ಹೊರಗೆ ಕೂರಬೇಕು. ಆಗ ಯಾರೂ ಕೆಲಸ ಹೇಳುವುದಿಲ್ಲ, ಅದಕ್ಕೇ ಆ ದಿನಗಳಲ್ಲಿ ಜಾಸ್ತಿ ಓದುತ್ತೇನೆ ಮೇಡಂ ಎನ್ನುತ್ತಾಳೆ.

ಮೊನ್ನೆ ಬಂದು ಕೇಳಿದಳು. 'ನಮ್ಮನೆ ಥರದ ಮನೆ ಇರೋ ಕಥೆ ಇದ್ರೆ ಕೊಡಿ ಮೇಡಂ. ಆದ್ರೆ ಹುಡುಗಿ ಕೊನೇಲಿ ಸಾಯಬಾರದು.'

ನನಗೆ ಥಟ್ಟನೆ ಒಂದು ಹೆಸರೂ ಹೊಳೆಯಲಿಲ್ಲ. ಮಕ್ಕಳಿಗೆ ಬರೆದ ಪುಸ್ತಕ ಇದೆ, ದೊಡ್ಡವರಿಗೆ ಬರೆದದ್ದು ಬೇಕಾದಷ್ಟಿದೆ. ಹದಿನೈದು ಹದಿನಾರರ ವಯಸ್ಸಿಗೆ ಅಂತಲೇ ಬರೆದದ್ದು ನಮ್ಮಲ್ಲಿ ತೀರಾ ಕಡಿಮೆ. ಅವಳ ಅಪ್ಪ ಕೆಟ್ಟವರಲ್ಲ. ಮೀಟಿಂಗ್ ಇದ್ದರೆ ತಪ್ಪದೆ ಬರುತ್ತಾರೆ, ಮಗಳ ಮಾರ್ಕ್ಸ್ ಬಗ್ಗೆ ಹೆಮ್ಮೆ ಇದೆ. ಅಪ್ಪ ಮಗಳ ನಡುವೆ ಜಗಳ ಹಚ್ಚುವ ಪುಸ್ತಕ ನನ್ನ ಕೈಯಿಂದ ಹೋಗಬಾರದು. ಸುಮ್ನೆ ಸಿಹಿಸಿಹಿ ಕಥೆ ಕೊಟ್ಟು ಅವಳನ್ನು ಸಾಗಹಾಕುವುದಕ್ಕೂ ಮನಸ್ಸಿಲ್ಲ. ಗೊತ್ತಿದ್ದವರು ಹೇಳಿ.

ಹಳೇಪುಸ್ತಕ (ಶಿವಮೊಗ್ಗ)

ಮೇಡಂ, 'ಫಣಿಯಮ್ಮ' ಕೊಡಿ. ಎಂ.ಕೆ. ಇಂದಿರಾ ನಿಮ್ಮ ತೀರ್ಥಹಳ್ಳಿಯಲ್ಲೇ ಹುಟ್ಟಿದವರು. 1976ರ ಕಾದಂಬರಿ, ಹಾಗಾಗಿ ಅಜ್ಜಿಯ ಕಾಲದ್ದು ಅನಿಸಬಹುದು. ಆದರೆ ಭಾಷೆ ಸಲೀಸು, ಎಲ್ಲೂ ತಡೆಯುವುದಿಲ್ಲ. ಮದುವೆ ಅಂದರೇನೆಂದು ತಿಳಿಯುವ ಮೊದಲೇ ಫಣಿ ವಿಧವೆ. ಅಲ್ಲಿಂದ ಮುಂದೆ ಇಡೀ ಬದುಕು ಮಡಿ, ಒಪ್ಪೊತ್ತು, ಬೇರೆಯವರ ಬಾಣಂತನ. ಸಾಯುವುದಂತೂ ಇಲ್ಲ, ನೂರು ದಾಟಿ ಬದುಕುತ್ತಾಳೆ! ತಾನು ಎಲ್ಲ ವ್ರತ ಪಾಲಿಸಿದ ಅದೇ ಫಣಿಯಮ್ಮ, ಮುಂದೆ ಮನೆಯ ಚಿಕ್ಕ ವಿಧವೆ ತಲೆ ಬೋಳಿಸಿಕೊಳ್ಳಲಾರೆ ಎಂದಾಗ ಅವಳ ಪರ ನಿಲ್ಲುತ್ತಾಳೆ. ಆ ಭಾಗಕ್ಕಾಗಿಯಾದರೂ ಓದಬೇಕು.

ತೋಟದಮನೆ (ಊರು ಸಾಗರ, ಈಗ ಶಿವಮೊಗ್ಗ)

ಟೀಚರ್, ನಿಮ್ಮ ಹುಡುಗಿ ಕೇಳಿದ ಪುಸ್ತಕವನ್ನು ಆ ವಯಸ್ಸಿನಲ್ಲಿ ನಾನೂ ಹುಡುಕುತ್ತಿದ್ದೆ. ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ನಮ್ಮದೂ ಅಂಥದೇ ಮನೆ. ಅಜ್ಜಿಗೆ ಮಡಿ ಎಂದರೆ ಮಡಿ. ಆಷಾಢದ ಮಳೆಯಲ್ಲಿ ನಮ್ಮ ಕಡೆ ಬಟ್ಟೆ ಒಣಗುವುದು ಎಲ್ಲಿಂದ ಬಂತು? ಬಚ್ಚಲ ಒಲೆಯ ಮೇಲ್ಗಡೆ, ಯಾರ ಕೈಗೂ ಸಿಗದ ಎತ್ತರಕ್ಕೆ ಬಿದಿರಿನ ಗಳು ಕಟ್ಟಿದ್ದರು. ಮಡಿಕೋಲಿನಲ್ಲಿ ಸೀರೆಯನ್ನು ಎತ್ತಿ ಅದರ ಮೇಲೆ ಹರಡಬೇಕು. ಬೆಳಿಗ್ಗೆ ನೋಡಿದರೆ ಸೆರಗು ಒಣಗಿರುತ್ತಿತ್ತು, ನೆರಿಗೆಯ ಕಡೆ ಇನ್ನೂ ತಣ್ಣಗೆ, ಪೂರ್ತಿ ಹೊಗೆ ವಾಸನೆ. ಅದನ್ನೇ ಉಟ್ಟು ನಡುಗುತ್ತಾ ಒಲೆ ಮುಂದೆ ಕೂರುತ್ತಿದ್ದರು. ನನಗೆ ತಾಗದ ಹಾಗೆ ಮೇಲಿನಿಂದಲೇ ದೋಸೆಯನ್ನು ಬಾಳೆಎಲೆಗೆ ಬಿಡುತ್ತಿದ್ದರು. ಮಧ್ಯಾಹ್ನ ಊಟವಾಗಿ ಮಡಿ ಬಿಟ್ಟ ಮೇಲೆ ಅದೇ ಅಜ್ಜಿ ನನ್ನನ್ನು ಎಳೆದು ಕೂರಿಸಿಕೊಂಡು, ಜಡೆ ಬಿಚ್ಚಿ, ನೋವಾಗದ ಹಾಗೆ ಒಂದೊಂದೇ ಸಿಕ್ಕು ಬಿಡಿಸುತ್ತಿದ್ದರು.

ಇವೆರಡೂ ಒಬ್ಬರೇ ಮನುಷ್ಯರಲ್ಲಿ ಇರುತ್ತವೆ ಎಂದು ಒಪ್ಪುವ ಕಥೆ ಬೇಕಿತ್ತು ನನಗೆ. ಕೈಗೆ ಸಿಕ್ಕಿದ್ದರಲ್ಲಿ ಹಿರಿಯರೆಲ್ಲ ಕಲ್ಲುಮನಸ್ಸಿನವರು. ಹುಡುಗಿ ಬಸ್ಸು ಹತ್ತಿ ಬೆಂಗಳೂರಿಗೆ ಹೋದರೆ ಕಥೆ ಮುಗಿಯಿತು. ನನಗೆ ಸಿಟ್ಟು ಬರುತ್ತಿತ್ತು. ಓದುವ ಹುಡುಗಿ ಆವತ್ತು ರಾತ್ರಿ ಅದೇ ಮನೆಯಲ್ಲಿ, ಅದೇ ಅಪ್ಪಯ್ಯನ ಎದುರು ಊಟಕ್ಕೆ ಕೂರಬೇಕಲ್ವಾ? ಅವಳಿಗೆ ಆ ಕಥೆ ಏನು ಕೊಟ್ಟಿತು?

ಅದಕ್ಕೇ ನನ್ನ ಮಟ್ಟಿಗೆ ಒಂದೇ ಅಳತೆ. ಕಟ್ಟುನಿಟ್ಟು ಮಾಡುವವರನ್ನು ಹುಡುಗಿ ಪ್ರೀತಿಸುತ್ತಾಳೆ ಎಂಬುದನ್ನು ಪುಸ್ತಕ ಮರೆಯಬಾರದು. ಪ್ರೀತಿ ಇದೆ ಎಂದು ಆ ಕಟ್ಟಿನ ನೋವನ್ನು ಮುಚ್ಚಲೂಬಾರದು.

ಇಂಗ್ಲಿಷಿನಲ್ಲಿ ಹಾಗೆ ಬರೆದದ್ದು ಒಂದಿದೆ. ಖೈಮ್ ಪೊಟಾಕ್ ಅವರ 'ದಿ ಚೋಸನ್', 1967ರದ್ದು. ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿ ಎರಡನೇ ಮಹಾಯುದ್ಧದ ಕೊನೆಯ ಹೊತ್ತಿಗೆ ಶುರುವಾಗುವ ಕಥೆ. ಡ್ಯಾನಿ ಎಂಬ ಹುಡುಗ ಒಬ್ಬ ಹಸಿದಿಕ್ ಗುರುವಿನ ಮಗ, ಹಸಿದಿಕ್ ಎಂದರೆ ಯಹೂದಿಗಳಲ್ಲಿ ತುಂಬಾ ಕಟ್ಟುನಿಟ್ಟಿನ ಒಂದು ಪಂಥ. ಅಪ್ಪನ ನಂತರ ಆ ಪೀಠಕ್ಕೆ ಅವನೇ ಕೂರಬೇಕು. ಅಪ್ಪ ಧರ್ಮಗ್ರಂಥ ಪಾಠ ಮಾಡುವಾಗ ಬಿಟ್ಟರೆ ಮಗನ ಜೊತೆ ಮಾತೇ ಆಡುವುದಿಲ್ಲ. ಡ್ಯಾನಿ ಕದ್ದು ಲೈಬ್ರರಿಗೆ ಹೋಗಿ ಮನಃಶಾಸ್ತ್ರ ಓದುತ್ತಾನೆ. ಆ ಮೌನ ಯಾಕೆ ಎಂಬುದನ್ನು ಕೊನೆಗೆ ಅಪ್ಪನೇ ಹೇಳುತ್ತಾನೆ. ಮಗನ ಬುದ್ಧಿ ಅಷ್ಟು ಚುರುಕು, ಬೇರೆಯವರ ನೋವು ಅವನಿಗೆ ತಟ್ಟದೇ ಹೋದೀತು ಎಂಬ ಭಯ. ಲೈಬ್ರರಿಯ ಸಂಗತಿ ಅಪ್ಪನಿಗೆ ಮೊದಲೇ ಗೊತ್ತಿತ್ತು ಎಂಬುದೂ ಆಗಲೇ ತಿಳಿಯುತ್ತದೆ. ಕೊನೆಗೆ ಮಗನನ್ನು ಆ ಪೀಠದ ಹೊಣೆಯಿಂದ ಅಪ್ಪನೇ ಬಿಡುತ್ತಾನೆ. ಹುಡುಗ ಗಡ್ಡ ತೆಗೆದು, ಕಾಲೇಜು ಮುಗಿಸಿ, ಮನಃಶಾಸ್ತ್ರ ಓದಲು ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಡುತ್ತಾನೆ. ಧರ್ಮವನ್ನೂ ಬಿಡುವುದಿಲ್ಲ, ಅಪ್ಪನನ್ನೂ ಬಿಡುವುದಿಲ್ಲ. ಅಪ್ಪನ ಆ ಮೌನವನ್ನು ನಾನು ಇವತ್ತಿಗೂ ಒಪ್ಪುವುದಿಲ್ಲ. ಆದರೆ ಅದರ ಹಿಂದೆ ಒಬ್ಬ ಅಪ್ಪ ಇದ್ದಾನೆ ಎಂದು ಕಾದಂಬರಿ ನನ್ನನ್ನು ನಂಬಿಸಿತು.

ಅನಂತಮೂರ್ತಿಯವರ 'ಘಟಶ್ರಾದ್ಧ'ವನ್ನು ಯಾರಾದರೂ ಹೇಳಿಯೇ ಹೇಳುತ್ತಾರೆ. ಅವರೂ ನಿಮ್ಮ ತಾಲ್ಲೂಕಿನ ಮೇಳಿಗೆಯಲ್ಲಿ ಹುಟ್ಟಿದವರು. ಗಿರೀಶ ಕಾಸರವಳ್ಳಿ 1977ರಲ್ಲಿ ಮಾಡಿದ ಸಿನಿಮಾಕ್ಕೆ ಸ್ವರ್ಣಕಮಲ ಬಂತು. ವೇದ ಕಲಿಯಲು ಬಂದ ಪುಟ್ಟ ನಾಣಿಯ ಕಣ್ಣಿನಿಂದ ಕಾಣುವ ಕಥೆ. ಅವನು ಯಾರನ್ನೂ ಸರಿ ತಪ್ಪು ಎಂದು ತೂಗುವುದಿಲ್ಲ, ಯಮುನಕ್ಕನಿಗೆ ಅಂಟಿಕೊಂಡಿರುತ್ತಾನೆ, ಅಷ್ಟೇ. ಮಗುವಿನ ಕಣ್ಣಿನಿಂದ ಬರೆಯುವುದು ಹೇಗೆ ಎಂದು ಕಲಿಯಲು ಅದಕ್ಕಿಂತ ಬೇರೆ ಬೇಡ. ಆದರೆ ಬದುಕಿರುವ ಮಗಳಿಗೆ ಅಪ್ಪ ಶ್ರಾದ್ಧ ಮಾಡುವ ಕಥೆ ಅದು. ನಿಮ್ಮ ಹುಡುಗಿಗೆ ಈಗ ಬೇಡ. ಪಿಯುಸಿ ಮುಗಿಯಲಿ.

ಇನ್ನೊಂದು ಮಾತು. ಪುಸ್ತಕವನ್ನು ಕದ್ದು ಕೊಡಬೇಡಿ. ಅವಳ ಅಪ್ಪಯ್ಯ ಮೀಟಿಂಗಿಗೆ ಬಂದಾಗ ಎದುರಿಗೇ ಕೊಡಿ.

ಎನ್.ಟಿ.ರೋಡ್_ಓದುಗಿ (ಶಿವಮೊಗ್ಗ)

ಅಕ್ಕಾ, ನೀವು ಬರೆದದ್ದು ತುಂಬಾ ಹಿಡಿಸಿತು. ಕೊನೆಯ ಮಾತು ಮಾತ್ರ ಒಪ್ಪಲಾರೆ.

ನಾನು ಮುಸ್ಲಿಂ ಮನೆಯವಳು, ಡಿಗ್ರಿ ಓದುತ್ತಿದ್ದೇನೆ. ನಮ್ಮ ಅಬ್ಬಾ ಐದು ಹೊತ್ತಿನ ನಮಾಜ್ ತಪ್ಪಿಸಿದವರಲ್ಲ. ಒಂದು ಸಲ ನಮ್ಮ ಟೀಚರೊಬ್ಬರು ಒಳ್ಳೆ ಮನಸ್ಸಿನಿಂದಲೇ ಅಬ್ಬಾನ ಎದುರಿಗೆ ನನಗೊಂದು ಕಾದಂಬರಿ ಕೊಟ್ಟರು. ಅಬ್ಬಾ ಅಲ್ಲಿ ಏನೂ ಹೇಳಲಿಲ್ಲ, ನಕ್ಕು ಥ್ಯಾಂಕ್ಸ್ ಹೇಳಿದರು. ಮನೆಗೆ ಬಂದ ಮೇಲೆ ಪರೀಕ್ಷೆ ಮುಗಿಯುವವರೆಗೆ ಕಥೆ ಪುಸ್ತಕ ಬಂದ್. ಪರೀಕ್ಷೆಯಾದ ಮೇಲೂ ಕೇಳುವ ಧೈರ್ಯ ಬರಲಿಲ್ಲ. ಅಮ್ಮಿಯೇ ಮೆಲ್ಲಗೆ ದಾರಿ ಮಾಡಿಕೊಟ್ಟರು, ತಾನೂ ಓದತೊಡಗಿದರು. ಅದಕ್ಕೇ ಟೀಚರ್, ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂದು ಆ ಹುಡುಗಿಯನ್ನೇ ಕೇಳಿ. ಮನೆಯ ಗಾಳಿ ಎತ್ತ ಬೀಸುತ್ತದೆ ಎಂದು ಅವಳಷ್ಟು ಚೆನ್ನಾಗಿ ನಮಗೆ ಯಾರಿಗೂ ಗೊತ್ತಿಲ್ಲ.

ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ' ನನಗೆ ಜೀವ. ನಾದಿರಾಳ ಅಪ್ಪನ ಹಟ ನೋಡಿ ಅತ್ತಿದ್ದೇನೆ. ಆದರೆ ಅಲ್ಲಿ ನಾದಿರಾ ಕೊನೆಗೆ ಉಳಿಯುವುದಿಲ್ಲ. ಹುಡುಗಿ ಸಾಯಬಾರದು ಎಂದು ಅವಳು ಬಾಯಿಬಿಟ್ಟು ಕೇಳಿದ್ದಾಳಲ್ಲ, ಆ ಮಾತು ಉಳಿಸಿಕೊಳ್ಳಿ. ಅದನ್ನು ಆಮೇಲೆ ಓದಲಿ.

ತೋಟದಮನೆ

ನೀನು ಹೇಳಿದ್ದು ಸರಿ ಕಣಮ್ಮ. ನಮ್ಮ ಅಪ್ಪಯ್ಯ ಓದುವ ಮನುಷ್ಯರು, ನಾನು ಅವರನ್ನೇ ಮನಸ್ಸಿನಲ್ಲಿಟ್ಟುಕೊಂಡು ಬರೆದೆ. ಟೀಚರ್, ಹುಡುಗಿಯನ್ನೇ ಕೇಳಿ.

ಕನ್ನಡಟೀಚರ್

ಎಲ್ಲರಿಗೂ ಥ್ಯಾಂಕ್ಸ್. ಇವತ್ತು ಮಧ್ಯಾಹ್ನ ಊಟದ ಬಿಡುವಿನಲ್ಲಿ ಅವಳನ್ನು ಕರೆದು ಕೇಳಿದೆ. ಅಪ್ಪಯ್ಯನಿಗೆ ನಾನೇ ಹೇಳ್ತೀನಿ, ಅಡಿಕೆ ಕೊಯ್ಲು ಮುಗೀಲಿ ಎಂದಳು. ಈಗ ಮನೆಯಲ್ಲಿ ರಾತ್ರಿ ತನಕ ಸುಲಿಯುವ ಕೆಲಸವಂತೆ, ಅಪ್ಪನಿಗೆ ಸುಸ್ತು, ಸಣ್ಣ ಮಾತಿಗೂ ರೇಗುತ್ತಾರಂತೆ. ಅಲ್ಲಿಯವರೆಗೆ ಶಾಲೆಯಲ್ಲೇ ಓದುತ್ತಾಳೆ.

'ಫಣಿಯಮ್ಮ' ಊರಿನ ಲೈಬ್ರರಿಯಿಂದ ನನ್ನ ಕಾರ್ಡಿಗೆ ತಂದಿದ್ದೇನೆ. ಡ್ಯಾನಿಯ ಕಥೆಯನ್ನು ಅರ್ಧ ಹೇಳಿದೆ, ಬೆಲ್ ಹೊಡೆಯಿತು. ಅಪ್ಪ ಯಾಕೆ ಮಾತಾಡಲ್ಲ ಅಂತ ಈಗಲೇ ಹೇಳಿ ಮೇಡಂ ಎಂದು ಕ್ಲಾಸಿನ ಬಾಗಿಲವರೆಗೂ ಹಿಂದೆಯೇ ಬಂದಳು. ಆ ಕಾದಂಬರಿ ಕನ್ನಡಕ್ಕೆ ಬಂದಿದ್ದರೆ ಯಾರಾದರೂ ಇಲ್ಲಿ ತಿಳಿಸಿ, ಬೀರುವಿಗೆ ಒಂದು ಪ್ರತಿ ಕೊಳ್ಳುತ್ತೇನೆ.